ಯುವರಾಜ್ ಸಿಂಗ್: 2011ರ ನಂತರದ ಇಳಿಕೆಗೆ ಕ್ಯಾನ್ಸರ್ ಒಂದೇ ಕಾರಣವೇ?

ಗಾಂಧಿಬಜಾರ್_ನೆಟ್ಸ್
ಯುವರಾಜ್ ಮಾತು ಬಂದಾಗಲೆಲ್ಲ ಕಥೆ ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. ವಿಶ್ವಕಪ್ ಗೆದ್ದುಕೊಟ್ಟರು, ಕಾಯಿಲೆ ಬಂತು, ಆಮೇಲೆ ಮೊದಲಿನಂತೆ ಆಡಲಿಲ್ಲ. ಮೂರೂ ನಿಜ. ಆದರೆ ಮೂರನೆಯದಕ್ಕೆ ಎರಡನೆಯದೇ ಕಾರಣ ಎಂದು ಎಲ್ಲರೂ ಸಲೀಸಾಗಿ ಒಪ್ಪಿಬಿಡುವುದು ಸರಿ ಕಾಣುವುದಿಲ್ಲ. ಕಾಯಿಲೆ ದೇಹದಿಂದ ಕಿತ್ತುಕೊಂಡಿದ್ದೇನು, ಆಟವೇ ಬದಲಾಗಿದ್ದರಿಂದ ಕಳೆದದ್ದೇನು, ವಯಸ್ಸಿನ ಪಾಲೆಷ್ಟು? ವೈದ್ಯಕೀಯ ಬಲ್ಲವರು, ಕೋಚಿಂಗ್ ಬಲ್ಲವರು ಇಲ್ಲಿ ಇದ್ದೀರಿ. ಬಿಡಿಸಿ ಹೇಳಿ.

ಸ್ಕೋರ್‌ಶೀಟ್
ಮೊದಲು ಲೆಕ್ಕ ಇಡುತ್ತೇನೆ, ವಾದ ಆಮೇಲೆ.

ಏಕದಿನದಲ್ಲಿ ಒಟ್ಟು 304 ಪಂದ್ಯ, 8701 ರನ್, ಸರಾಸರಿ 36.55, 14 ಶತಕ, 111 ವಿಕೆಟ್. ಇದನ್ನು ಮೂರಾಗಿ ಒಡೆಯಿರಿ.

2000ದ ಅಕ್ಟೋಬರ್‌ನಿಂದ 2011ರ ವಿಶ್ವಕಪ್ ಫೈನಲ್‌ವರೆಗೆ 274 ಪಂದ್ಯ, 8051 ರನ್.
ಮರಳಿ ಬಂದ ಮೇಲೆ, 2012ರ ಡಿಸೆಂಬರ್‌ನಿಂದ 19 ಪಂದ್ಯ, 278 ರನ್, ಸರಾಸರಿ 18.53.
ಮೂರು ವರ್ಷ ತಂಡದ ಹೊರಗಿದ್ದು ಬಂದ 2017ರಲ್ಲಿ 11 ಪಂದ್ಯ, 372 ರನ್, ಸರಾಸರಿ 41.33.

ಎಲ್ಲರ ನೆನಪಲ್ಲಿ ಉಳಿದಿರುವುದು ನಡುವಿನ ಆ 19 ಪಂದ್ಯಗಳು. ಮೂರನೆಯ ತುಂಡನ್ನು ಯಾರೂ ಎತ್ತುವುದಿಲ್ಲ. ಕಾಯಿಲೆಯೊಂದೇ ಕಾರಣವಾಗಿದ್ದರೆ 31ನೇ ವಯಸ್ಸಿನಲ್ಲಿ 18 ಇದ್ದ ಸರಾಸರಿ 35ಕ್ಕೆ 41 ಆಗಿದ್ದು ಹೇಗೆ? ಹನ್ನೊಂದೇ ಪಂದ್ಯ, ಅದರಲ್ಲೂ ಕಟಕ್‌ನ ಒಂದು ಇನಿಂಗ್ಸ್‌ನದೇ ದೊಡ್ಡ ಪಾಲು ಎನ್ನುವುದು ಗೊತ್ತು. ಆದರೂ ಪ್ರಶ್ನೆ ಉಳಿಯುತ್ತದೆ.

ಕಡಲತೀರ
ಶ್ವಾಸಕೋಶದ ಕ್ಯಾನ್ಸರ್ ಆದವರು ಮತ್ತೆ ಏಕದಿನ ಆಡಿದ್ದೇ ದೊಡ್ಡದು ಮಾರಾಯ್ರೆ. ಸರಾಸರಿ ನೋಡುವುದೇ ತಪ್ಪು ಅಂತ ನನಗೆ ಕಾಣುವುದು.

ವಾರ್ಡ್_7
ಕಡಲತೀರ ಅವರೇ, ಗೌರವದಿಂದಲೇ ಒಂದು ತಿದ್ದುಪಡಿ. ಅದು ಶ್ವಾಸಕೋಶದ ಕ್ಯಾನ್ಸರ್ ಅಲ್ಲ. ಪತ್ರಿಕೆಗಳೂ ಹಾಗೆ ಬರೆದಿದ್ದುಂಟು, ಆದರೆ ಈ ವ್ಯತ್ಯಾಸ ತಿಳಿಯದೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ.

ಅವರಿಗೆ ಇದ್ದದ್ದು ಮೀಡಿಯಾಸ್ಟೈನಲ್ ಸೆಮಿನೋಮಾ. ಎರಡು ಶ್ವಾಸಕೋಶಗಳ ನಡುವೆ, ಹೃದಯವೂ ದೊಡ್ಡ ರಕ್ತನಾಳಗಳೂ ಇರುವ ಜಾಗಕ್ಕೆ ಮೀಡಿಯಾಸ್ಟೈನಮ್ ಎನ್ನುತ್ತಾರೆ. ಭ್ರೂಣ ಬೆಳೆಯುವಾಗ ವೃಷಣದ ಕಡೆಗೆ ಸಾಗಬೇಕಾದ ಬೀಜಕೋಶಗಳಲ್ಲಿ ಕೆಲವು ದಾರಿಯಲ್ಲೇ ಉಳಿದು, ಮುಂದೆ ಯಾವಾಗಲೋ ಗಡ್ಡೆಯಾಗುತ್ತವೆ ಎಂಬುದು ಪ್ರಚಲಿತ ವಿವರಣೆ. ಆದ್ದರಿಂದ ಇದು ಜರ್ಮ್ ಸೆಲ್ ಗಡ್ಡೆಗಳ ಕುಲಕ್ಕೆ ಸೇರಿದ್ದು. ಸಿಗರೇಟಿಗೂ ಇದಕ್ಕೂ ನಂಟಿಲ್ಲ. ಬರುವುದು ಹೆಚ್ಚಾಗಿ 20ರಿಂದ 40ರ ಗಂಡಸರಿಗೆ, ಅಂದರೆ ಕ್ರೀಡಾಪಟುವಿನ ಒಳ್ಳೆಯ ವರ್ಷಗಳಲ್ಲೇ.

ಹೆಸರು ಯಾಕೆ ಮುಖ್ಯ ಎಂದರೆ, ಅದೇ ಜಾಗದಲ್ಲಿ ಸೆಮಿನೋಮಾ ಬದಲು ನಾನ್‌ಸೆಮಿನೋಮಾ ಇದ್ದಿದ್ದರೆ ದಾರಿಯೇ ಬೇರೆ. 1997ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ, ಶ್ವಾಸಕೋಶ ಬಿಟ್ಟು ಲಿವರ್, ಮಿದುಳಿನಂಥ ಬೇರೆ ಅಂಗಗಳಿಗೆ ಹರಡದ ಸೆಮಿನೋಮಾ ಎದೆಯಲ್ಲಿದ್ದರೂ ಉತ್ತಮ ಗುಂಪಿಗೇ ಸೇರುತ್ತದೆ. ಐದು ವರ್ಷ ಬದುಕುಳಿಯುವ ಪ್ರಮಾಣ ಅಂದಿನ ಲೆಕ್ಕದಲ್ಲಿ 86% ಇತ್ತು. ಎದೆಯ ನಾನ್‌ಸೆಮಿನೋಮಾ ಕೆಟ್ಟ ಗುಂಪು, ಅಲ್ಲಿ ಅದು 48% ಇತ್ತು. ಎರಡನ್ನೂ ಬೇರ್ಪಡಿಸುವುದು ಬಯಾಪ್ಸಿ ಮತ್ತು ರಕ್ತಪರೀಕ್ಷೆ. ಶುದ್ಧ ಸೆಮಿನೋಮಾದಲ್ಲಿ ಎಎಫ್‌ಪಿ ಎಂಬ ರಕ್ತದ ಪ್ರೋಟೀನು ಏರುವುದಿಲ್ಲ. ಎಎಫ್‌ಪಿ ಏರಿದ್ದರೆ, ಬಯಾಪ್ಸಿ ವರದಿ ಸೆಮಿನೋಮಾ ಎಂದಿದ್ದರೂ ನಾನ್‌ಸೆಮಿನೋಮಾ ಎಂದೇ ಚಿಕಿತ್ಸೆ ಕೊಡಬೇಕು.

ಯುವರಾಜ್ ವಿಷಯದಲ್ಲಿ 2011ರ ಕೊನೆಗೆ ಹೊರಬಿದ್ದದ್ದು ಅಪಾಯವಿಲ್ಲದ ಗಡ್ಡೆ ಎಂಬ ಸುದ್ದಿ. ಕ್ಯಾನ್ಸರ್ ಎಂದು ಜಗತ್ತಿಗೆ ತಿಳಿದದ್ದು 2012ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವರು ಇಂಡಿಯಾನಾಪೊಲಿಸ್‌ನಲ್ಲಿ ಡಾ. ಲಾರೆನ್ಸ್ ಐನ್‌ಹಾರ್ನ್ ಬಳಿ ಇದ್ದರು. ಈ ಕುಲದ ಗಡ್ಡೆಗಳಿಗೆ ಸಿಸ್‌ಪ್ಲಾಟಿನ್ ಎಂಬ ಔಷಧ ಆಧಾರದ ಕೀಮೋವನ್ನು 1974ರಲ್ಲಿ ಶುರುಮಾಡಿದವರೇ ಅವರು. ಸೈಕಲ್ ಸ್ಪರ್ಧಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ ಚಿಕಿತ್ಸೆ ನಡೆದದ್ದೂ ಅಲ್ಲೇ. ಮೂರು ಸುತ್ತು ಕೀಮೋ ಮಾರ್ಚ್‌ನಲ್ಲಿ ಮುಗಿಯಿತು, ಏಪ್ರಿಲ್ 9ಕ್ಕೆ ಯುವರಾಜ್ ಭಾರತಕ್ಕೆ ಮರಳಿದರು.

ಹುಬ್ಬಳ್ಳಿ_ಎಡಗೈ
ಭಾಳ ಚಲೋ ತಿಳಿಸಿ ಹೇಳಿದ್ರಿ. ಒಂದ ಕೇಳ್ತೀನ್ರಿ, ವಿಶ್ವಕಪ್ ಆಡೂ ಮುಂದನ ಗಡ್ಡಿ ಇತ್ತಂತ ಅಂತಾರಲ್ಲ, ಖರೆ ಏನ್ರಿ?

ವಾರ್ಡ್_7
ಲಕ್ಷಣಗಳು ಇದ್ದವು: ಕೆಮ್ಮು, ಕಫದಲ್ಲಿ ರಕ್ತ, ವಾಂತಿ, ನಿದ್ದೆ ಬಾರದಿರುವುದು. ರೋಗ ಪತ್ತೆಯಾಗಿರಲಿಲ್ಲ. ಎದೆಯ ಗಡ್ಡೆಯ ತೊಂದರೆಯೇ ಇದು. ಕೈಗೆ ಸಿಗುವ ಗಂಟಿಲ್ಲ, ನೋವಿಲ್ಲ. ದೊಡ್ಡದಾಗಿ ಶ್ವಾಸಕೋಶವನ್ನೋ ರಕ್ತನಾಳವನ್ನೋ ಒತ್ತತೊಡಗಿದ ಮೇಲೆ ಕೆಮ್ಮು, ಏದುಸಿರು. ಟೂರ್ನಿಯ ದಣಿವು, ಬಿಸಿಲು, ಒತ್ತಡ ಅಂತ ಯಾರಾದರೂ ಅಂದುಕೊಳ್ಳುವಂಥ ಲಕ್ಷಣಗಳೇ ಎಲ್ಲವೂ.

ಇಲ್ಲಿ ಕೋಚ್‌ಗಳು ಓದುತ್ತಿದ್ದರೆ ಇಷ್ಟು ನೆನಪಿಡಿ. ಯುವ ಆಟಗಾರನಿಗೆ ಮೂರು ವಾರಕ್ಕೂ ಕೆಮ್ಮು ಬಿಡದಿದ್ದರೆ, ಒಮ್ಮೆಯಾದರೂ ಕಫದಲ್ಲಿ ರಕ್ತ ಕಂಡರೆ, ಮೊದಲು ಎದೆಯ ಎಕ್ಸ್‌ರೇ. ನಡುವೆ ನೆರಳು ಅಗಲವಾಗಿ ಕಂಡರೆ ಸಿಟಿ ಸ್ಕ್ಯಾನ್, ಜೊತೆಗೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಗಳು. ವೃಷಣದ ಅಲ್ಟ್ರಾಸೌಂಡನ್ನೂ ಮಾಡಿಸಬೇಕು, ಮೂಲ ಅಲ್ಲಿರಬಹುದು. ಕೀಮೋ ಶುರುವಾಗುವ ಮುನ್ನ ವೀರ್ಯ ಶೇಖರಿಸಿಡುವ ಮಾತನ್ನು ನಾಚಿಕೆಯಿಲ್ಲದೆ ಆಡಿ. ಶುರುವಾದ ಮೇಲೆ ತಡವಾಗುತ್ತದೆ.

ಸ್ಕೋರ್‌ಶೀಟ್
ಆ ಸ್ಥಿತಿಯಲ್ಲಿ ಅವರು ಮಾಡಿದ್ದನ್ನೂ ಬರೆದಿಡೋಣ. 9 ಪಂದ್ಯ, 362 ರನ್, ಸರಾಸರಿ 90.50, 15 ವಿಕೆಟ್, ನಾಲ್ಕು ಪಂದ್ಯಶ್ರೇಷ್ಠ, ಸರಣಿಶ್ರೇಷ್ಠ. ಒಂದೇ ವಿಶ್ವಕಪ್‌ನಲ್ಲಿ 300 ರನ್ ಮತ್ತು 15 ವಿಕೆಟ್ ಅವರಿಗಿಂತ ಮೊದಲು ಯಾರೂ ಮಾಡಿರಲಿಲ್ಲ. ಮಾರ್ಚ್ 20ರಂದು ಚೆನ್ನೈ ಸೆಕೆಯಲ್ಲಿ ವೆಸ್ಟ್ ಇಂಡೀಸ್ ಮೇಲೆ ಮೈದಾನದಲ್ಲೇ ವಾಂತಿ ಮಾಡಿಕೊಳ್ಳುತ್ತ 123 ಎಸೆತಕ್ಕೆ 113, ಆಮೇಲೆ 18 ರನ್‌ಗೆ 2 ವಿಕೆಟ್.

ನಮ್ಮ ಚಿನ್ನಸ್ವಾಮಿಯದು ಮಾರ್ಚ್ 6. ಐರ್ಲೆಂಡ್ ವಿರುದ್ಧ 31ಕ್ಕೆ 5, ಬ್ಯಾಟಿಂಗ್‌ನಲ್ಲಿ ಅಜೇಯ 50. ವಿಶ್ವಕಪ್ ಪಂದ್ಯವೊಂದರಲ್ಲಿ ಅರ್ಧಶತಕ ಮತ್ತು ಐದು ವಿಕೆಟ್ ಎರಡೂ ಬಂದದ್ದು ಅದೇ ಮೊದಲು. ಅದಕ್ಕೆ ನಾಲ್ಕು ದಿನ ಮೊದಲು ಇದೇ ಅಂಗಳದಲ್ಲಿ ಇಂಗ್ಲೆಂಡನ್ನು ಚಚ್ಚಿ ಶತಕ ಹೊಡೆದಿದ್ದ ಕೆವಿನ್ ಓ'ಬ್ರಿಯನ್, ಯುವರಾಜ್‌ಗೇ ವಾಪಸ್ ಕ್ಯಾಚ್ ಕೊಟ್ಟು ಹೋದರು.

ಹುಬ್ಬಳ್ಳಿ_ಎಡಗೈ
ಹಂಗಾದ್ರ ಬೌಲಿಂಗ್ ಬಗ್ಗೆ ಹೇಳೂದು ನನ್ನ ಪಾಳಿ. ಎಲ್ಲಾರೂ ಬ್ಯಾಟಿಂಗ್ ಹಿಡಕೊಂಡು ಕೂಡ್ತಾರ, ಆದ್ರ 2011ರ ತಂಡದ ಕಟ್ಟೋಣ ನಿಂತಿದ್ದು ಈ ಮನಷ್ಯಾನ ಬೌಲಿಂಗ್ ಮ್ಯಾಲ.

9 ಮ್ಯಾಚಿಗೆ 75 ಓವರ್ ಹಾಕ್ಯಾರ. ಅಂದ್ರ ಮ್ಯಾಚಿಗೆ ಎಂಟರ ಮ್ಯಾಲ, ಓವರಿಗೆ ಐದ ರನ್ ಕೊಟ್ಟಾರ. ಇದು ಪಾರ್ಟ್‌ಟೈಮ್ ಅಲ್ರಿ, ಪೂರಾ ಐದನೇ ಬೌಲರ್. ಅದಕ್ಕ ಧೋನಿಗೆ ಏಳು ಮಂದಿ ಬ್ಯಾಟರ್, ನಾಕು ಮಂದಿ ಬೌಲರ್ ಇಟ್ಟು ಆಡಾಕ ಆತು. ಕ್ವಾರ್ಟರ್‌ಫೈನಲ್‌ನ್ಯಾಗ ಏಳನೇ ನಂಬರಿಗೆ ರೈನಾ ಬಂದು ಮ್ಯಾಚ್ ಮುಗಿಸಿದ್ರಲ್ಲ, ಆ ಜಾಗಾ ಹುಟ್ಟಿದ್ದ ಯುವರಾಜ್ ಹತ್ತು ಓವರಿನಿಂದ.

ಹ್ಯಾಂಗ ಹಾಕ್ತಿದ್ರು? ಚೆಂಡು ಭಾಳ ತಿರಗ್ತಿರಲಿಲ್ಲ. ತೋಳು ಅಡ್ಡ, ಬಾಲ್ ಕೆಳಗ ಉಳೀತಿತ್ತು. ಒಂದ ಆ್ಯಕ್ಷನ್ನಿನ್ಯಾಗ ವ್ಯಾಗ ಏರ್ಸೂದು, ಇಳ್ಸೂದು. ಸ್ಟಂಪಿನ ಗೆರಿ ಬಿಡ್ತಿರಲಿಲ್ಲ. ಬ್ಯಾಟರ್ ತಿರುವು ಅದ ಅಂತ ಆಡ್ತಾನ, ಚೆಂಡು ನೆಟ್ಟಗ ಬರ್ತದ. ಸೆಮಿಫೈನಲ್‌ನ್ಯಾಗ ಅಸದ್ ಶಫೀಕ್ ಕಟ್ ಮಾಡಾಕ ಹೋಗಿ ಬೌಲ್ಡ್. ಫೈನಲ್‌ನ್ಯಾಗ ಸಮರವೀರ ಎಲ್‌ಬಿ, ಅದೂ ರಿವ್ಯೂ ತಗೊಂಡ ಮ್ಯಾಲ. ಸಂಗಕ್ಕಾರನೂ ಕಟ್ ಆಡಾಕ ಹೋಗಿ ಧೋನಿ ಕೈಯಾಗ. ಜಾಗಾ ಇಲ್ಲದ ಕಡೆ ಕಟ್ ಆಡಿಸೂದ ಅವರ ಬಲಿ.

ಮೂರನೇ_ಸ್ಲಿಪ್
ಎಡಗೈ ಅವರು ಹೇಳಿದ ಜಾಗದಿಂದಲೇ ಮುಂದುವರಿಸುತ್ತೇನೆ. ಯುವರಾಜ್ ಚಿಕಿತ್ಸೆಗೆ ಹೋಗಿ ಬರುವಷ್ಟರಲ್ಲಿ ಏಕದಿನದ ನಿಯಮಗಳು ಎರಡು ಕಡೆಯಿಂದ ಬದಲಾಗಿದ್ದವು. ಈ ಚರ್ಚೆಯಲ್ಲಿ ಇದೇ ನಡುಗಂಬ ಎಂದು ನನ್ನ ನಂಬಿಕೆ.

ಒಂದು, 2011ರ ಅಕ್ಟೋಬರ್‌ನಿಂದ ಎರಡೂ ತುದಿಗೆ ಒಂದೊಂದು ಹೊಸ ಚೆಂಡು. ಹಿಂದೆ ಒಂದೇ ಚೆಂಡು 34 ಓವರ್ ಸವೆಯುತ್ತಿತ್ತು, ಮೆತ್ತಗಾಗುತ್ತಿತ್ತು, 25ರಿಂದ 34ರ ನಡುವೆ ಅದನ್ನು ಹೊಡೆದು ದೂರ ಕಳಿಸುವುದು ಕಷ್ಟವಾಗಿತ್ತು. ಯುವರಾಜ್ ಹಾಕುತ್ತಿದ್ದದ್ದೇ ಆ ಹೊತ್ತಿನಲ್ಲಿ. ಎರಡು ಚೆಂಡು ಬಂದ ಮೇಲೆ ಇನಿಂಗ್ಸ್ ಮುಗಿದರೂ ಒಂದೊಂದು ಚೆಂಡಿಗೆ 25 ಓವರ್ ಮಾತ್ರ ಆಗುತ್ತಿತ್ತು, 2025ರಲ್ಲಿ ನಿಯಮ ಮತ್ತೆ ಬದಲಾಗುವವರೆಗೆ. ಗಟ್ಟಿ ಚೆಂಡು, ಬ್ಯಾಟಿಗೆ ಸೊಗಸಾಗಿ ಬರುತ್ತಿತ್ತು.

ಎರಡು, 2012ರ ಅಕ್ಟೋಬರ್ ಕೊನೆಯಿಂದ ಪವರ್‌ಪ್ಲೇ ಇಲ್ಲದ ಓವರ್‌ಗಳಲ್ಲೂ 30 ಗಜದ ವೃತ್ತದ ಹೊರಗೆ ನಾಲ್ವರೇ ಫೀಲ್ಡರ್‌ಗಳು. ಮೊದಲು ಐವರಿದ್ದರು. ಒಬ್ಬರೇ ಕಡಿಮೆ, ಆದರೆ ಲೆಕ್ಕ ಹಾಕಿ: ಎಡಗೈ ಸ್ಪಿನ್ನರ್ ಬಲಗೈ ಬ್ಯಾಟರ್‌ಗೆ ಲಾಂಗ್‌ಆಫ್, ಲಾಂಗ್‌ಆನ್, ಡೀಪ್ ಮಿಡ್‌ವಿಕೆಟ್, ಡೀಪ್ ಕವರ್, ಡೀಪ್ ಸ್ಕ್ವೇರ್ ಇಟ್ಟು ಒಂದೊಂದು ರನ್ ಬಿಟ್ಟುಕೊಡುತ್ತ ಓವರ್‌ಗೆ ಐದರಲ್ಲಿ ಮುಗಿಸಬಹುದಿತ್ತು. ಅದರಲ್ಲಿ ಒಬ್ಬರನ್ನು ಒಳಗೆ ಕರೆದರೆ ಎಲ್ಲೋ ಒಂದು ಬೌಂಡರಿ ಬಾಗಿಲು ತೆರೆದಂತೆಯೇ. ಚೆಂಡು ತಿರುಗಿಸುವ ಸ್ಪಿನ್ನರ್ ಅದನ್ನು ತಡೆದುಕೊಂಡಾನು, ತಿರುಗಿಸದವನು ಹೇಗೆ ತಡೆದಾನು? ರೈನಾ ಸೇರಿದಂತೆ ಆ ಪೀಳಿಗೆಯ ಅರೆಕಾಲಿಕ ಸ್ಪಿನ್ನರ್‌ಗಳಿಗೆಲ್ಲ ಬಿದ್ದ ಪೆಟ್ಟು ಇದು. ಅವರ್‍ಯಾರಿಗೂ ಕಾಯಿಲೆ ಇರಲಿಲ್ಲ.

ಅದೇ ನಿಯಮಾವಳಿ ಓವರ್‌ಗೆ ಎರಡು ಬೌನ್ಸರ್‌ಗೂ ಅನುಮತಿ ಕೊಟ್ಟಿತು. ಎದೆಮಟ್ಟದ ಚೆಂಡು ಯುವರಾಜ್‌ಗೆ ಮೊದಲಿನಿಂದಲೂ ಕಷ್ಟ.

ಯುವರಾಜ್ ಏಕದಿನ ತಂಡಕ್ಕೆ ಮರಳಿದ್ದು 2012ರ ಡಿಸೆಂಬರ್‌ನಲ್ಲಿ, ಹೊಸ ನಿಯಮ ಬಂದು ಎರಡು ತಿಂಗಳಿಗೆ. ಅವರು ಬಿಟ್ಟುಹೋದ ಆಟ ಅಲ್ಲಿ ಇರಲೇ ಇಲ್ಲ.

ಕಡಲತೀರ
ನಿಯಮದ ಈ ವಿಷಯ ತಲೆಗೆ ಹೊಳೆದೇ ಇರಲಿಲ್ಲ. ಆದರೆ ಬೌಲಿಂಗ್ ಇಳಿದದ್ದಕ್ಕೆ ಇದು ಉತ್ತರ ಆಯ್ತು, ಬ್ಯಾಟಿಂಗ್ ಸರಾಸರಿ 18ಕ್ಕೆ ಬಂದದ್ದಕ್ಕೆ ಸಾಲುವುದಿಲ್ಲ ಅಲ್ವಾ? ಕೀಮೋ ದೇಹಕ್ಕೆ ಏನು ಮಾಡ್ತದೆ ಎಂಬುದನ್ನೂ ಹೇಳಬೇಕು.

ವಾರ್ಡ್_7
ಸರಿಯಾದ ಪ್ರಶ್ನೆ. ಯುವರಾಜ್ ಅವರ ಖಾಸಗಿ ವರದಿಯ ಮಾತಲ್ಲ ಇದು. ಉತ್ತಮ ಗುಂಪಿನ ಸೆಮಿನೋಮಾಗೆ ಎಲ್ಲೆಡೆ ಕೊಡುವ ಬಿಇಪಿ ಎಂಬ ಮೂರು ಔಷಧಗಳ ಕೀಮೋ ಕ್ರಮವನ್ನು ಹೇಳುತ್ತೇನೆ.

21 ದಿನಕ್ಕೊಂದು ಸುತ್ತು, ಮೂರು ಸುತ್ತು. ಮೊದಲ ಐದು ದಿನ ಪ್ರತಿದಿನ ಸಿಸ್‌ಪ್ಲಾಟಿನ್, ದೇಹದ ಮೇಲ್ಮೈ ಚದರ ಮೀಟರ್‌ಗೆ 20 ಮಿ.ಗ್ರಾಂ, ಜೊತೆಗೆ ಅದೇ ಲೆಕ್ಕದಲ್ಲಿ ಎಟೊಪೊಸೈಡ್ 100 ಮಿ.ಗ್ರಾಂ. ಬ್ಲಿಯೋಮೈಸಿನ್ 30 ಯೂನಿಟ್, ವಾರಕ್ಕೊಮ್ಮೆ. ಬ್ಲಿಯೋಮೈಸಿನ್ ಬೇಡವೆಂದರೆ ಉಳಿದೆರಡನ್ನು ನಾಲ್ಕು ಸುತ್ತು.

ಕ್ರಿಕೆಟಿಗನಿಗೆ ಒಂದೊಂದೂ ಒಂದೊಂದು ಕಡೆ ಕಚ್ಚುತ್ತದೆ. ಬ್ಲಿಯೋಮೈಸಿನ್ ಶ್ವಾಸಕೋಶದ ಒಳಪದರವನ್ನು ಗಾಯ ಮಾಡಬಲ್ಲದು, ಗಾಯ ಮಾಗುವಾಗ ಗಡುಸಾಗುತ್ತದೆ. ನಡೆಯುವಾಗ ಏನೂ ಗೊತ್ತಾಗುವುದಿಲ್ಲ, ಮೂರು ರನ್ ಓಡಿದ ಮೇಲಿನ ಎಸೆತಕ್ಕೆ ಗೊತ್ತಾಗುತ್ತದೆ. ಆರ್ಮ್‌ಸ್ಟ್ರಾಂಗ್‌ಗೆ ಅದನ್ನು ತಪ್ಪಿಸಿ ಐಫಾಸ್ಫಮೈಡ್ ಇರುವ ಕ್ರಮ ಕೊಟ್ಟದ್ದು ಇದೇ ಕಾರಣಕ್ಕೆ. ಸಿಸ್‌ಪ್ಲಾಟಿನ್ ಬೆರಳ ತುದಿ, ಪಾದಗಳ ನರಗಳಿಗೆ ಜೋಮು ತರುತ್ತದೆ, ಕೆಲವೊಮ್ಮೆ ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಏರುತ್ತದೆ. ಬ್ಯಾಟಿನ ಹಿಡಿಯ ಕೆಳಗೈ ಹಿಡಿತ, ಸ್ಪಿನ್ನರ್‌ನ ತೋರುಬೆರಳು, ಕ್ರೀಸ್‌ನಲ್ಲಿ ಪಾದದ ತೂಕ ಎಲ್ಲವೂ ಇದಕ್ಕೆ ಸಿಕ್ಕಿಕೊಳ್ಳುತ್ತವೆ. ಅದೇ ಔಷಧ ಕಿಡ್ನಿಯ ಮೂಲಕ ಮೆಗ್ನೀಸಿಯಂ ಕಳೆಯುತ್ತದೆ, ಸ್ನಾಯು ಹಿಡಿದುಕೊಳ್ಳುತ್ತದೆ. ಕಿವಿಯಲ್ಲಿ ಮೇಲಿನ ಸ್ವರಗಳು ಮಂಕಾಗಬಹುದು. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್‌ನಿಂದ ತೊಡೆಯ ಸ್ನಾಯು ಕರಗಿ ಮೈಯಲ್ಲಿ ಕೊಬ್ಬು ಸೇರುತ್ತದೆ.

ಆರು ತಿಂಗಳೂ ತುಂಬದೆ ಅವರು ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದರು. ದೇಹ ಅಷ್ಟು ಬೇಗ ಹಳೆಯ ಲೆಕ್ಕಕ್ಕೆ ಬರುವುದು ಕಷ್ಟ. ಹಾಗಾಗಿ ಮೂರನೇ_ಸ್ಲಿಪ್ ಅವರ ವಾದ ಒಪ್ಪಿದರೂ ಕಾಯಿಲೆಯ ಪಾಲನ್ನು ತೀರ ಸಣ್ಣದು ಮಾಡಲು ನಾನು ಒಪ್ಪುವುದಿಲ್ಲ.

ಸ್ಕೋರ್‌ಶೀಟ್
ದಿನಾಂಕಗಳು: ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ (ಎನ್‌ಸಿಎ) ಪುನಶ್ಚೇತನ. 2012ರ ಸೆಪ್ಟೆಂಬರ್ 8ಕ್ಕೆ ವಿಶಾಖಪಟ್ಟಣದಲ್ಲಿ ಆಡಬೇಕಿತ್ತು, ಮಳೆಗೆ ಪಂದ್ಯ ಹೋಯಿತು. ಸೆಪ್ಟೆಂಬರ್ 11ರಂದು ಚೆನ್ನೈ, ನ್ಯೂಜಿಲೆಂಡ್ ವಿರುದ್ಧ 26 ಎಸೆತಕ್ಕೆ 34, ಭಾರತ ಒಂದು ರನ್‌ನಿಂದ ಸೋತಿತು. ಅಕ್ಟೋಬರ್‌ನಲ್ಲಿ ದುಲೀಪ್ ಟ್ರೋಫಿಯಲ್ಲಿ 208. ನವೆಂಬರ್‌ನಲ್ಲಿ ಅಹಮದಾಬಾದ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಮೇಲೆ 74. ಡಿಸೆಂಬರ್ 28ಕ್ಕೆ ಪಾಕಿಸ್ತಾನದ ಮೇಲೆ ಟಿ20ಯಲ್ಲಿ 36 ಎಸೆತಕ್ಕೆ 72. 2013ರ ಅಕ್ಟೋಬರ್‌ನಲ್ಲಿ ರಾಜಕೋಟ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 35 ಎಸೆತಕ್ಕೆ ಅಜೇಯ 77.

ಟಿ20ಯಲ್ಲಿ ಹೊಡೆತ ಹಾಗೇ ಇತ್ತು. ಏಕದಿನದಲ್ಲಿ ಮಾತ್ರ ಕಾಣೆ. ಕಣ್ಣು, ಕೈ ಕೆಟ್ಟಿದ್ದರೆ ಎರಡರಲ್ಲೂ ಕಾಣಬೇಕಿತ್ತಲ್ಲ.

ವಾರ್ಡ್_7
ಅದೇ ಅಂಕಿಯನ್ನು ನಾನು ಇನ್ನೊಂದು ರೀತಿ ಓದುತ್ತೇನೆ. 20 ಓವರ್ ಫೀಲ್ಡಿಂಗ್ ಮಾಡಿ 35 ಎಸೆತ ಆಡುವುದು ಒಂದು. ಮೂರೂವರೆ ಗಂಟೆ ಬಿಸಿಲಲ್ಲಿ ನಿಂತು ಆಮೇಲೆ ನೂರು ಎಸೆತ ಆಡುವುದು ಬೇರೆ. ಇಲ್ಲಿ ಸೋಲುವುದು ಕಣ್ಣಲ್ಲ, ಚೇತರಿಕೆಯ ವೇಗ.

ಮೂರನೇ_ಸ್ಲಿಪ್
ಇದು ಒಪ್ಪತಕ್ಕ ಮಾತು. 2013ರಲ್ಲಿ ಯುವರಾಜ್, ಜಹೀರ್ ಖಾನ್ ಜೊತೆಗೆ ಫ್ರಾನ್ಸಿನ ಬ್ರೀವ್‌ಗೆ ಹೋಗಿ ಫಿಟ್‌ನೆಸ್ ತರಬೇತುದಾರ ಟಿಮ್ ಎಕ್ಸೆಟರ್ ಬಳಿ ದೇಹ ಕಟ್ಟಿಕೊಂಡದ್ದೂ ಈ ಕೊರತೆ ಅವರಿಗೇ ಗೊತ್ತಿದ್ದರಿಂದ.

2014ರ ಏಪ್ರಿಲ್ 6ರಂದು ಮೀರ್‌ಪುರದಲ್ಲಿ ಶ್ರೀಲಂಕಾ ವಿರುದ್ಧ ನಡೆದ ಟಿ20 ವಿಶ್ವಕಪ್ ಫೈನಲ್ ಬಗ್ಗೆಯೂ ಹೇಳಲೇಬೇಕು. 21 ಎಸೆತಕ್ಕೆ 11. ಜನ ಅದನ್ನು ಕ್ಷಮಿಸಲೇ ಇಲ್ಲ. ಆ ದಿನ ಮಾಲಿಂಗ, ಕುಲಶೇಖರ ಆಫ್‌ಸ್ಟಂಪ್‌ನ ಹೊರಗೆ ವೈಡ್ ಗೆರೆಯ ಪಕ್ಕ ಯಾರ್ಕರ್ ಹಾಕುತ್ತಲೇ ಹೋದರು. ಕೊನೆಯ ನಾಲ್ಕು ಓವರ್‌ಗೆ ಬಂದದ್ದು 19 ರನ್. ಯುವರಾಜ್ ಹೊಡೆತಗಳೆಲ್ಲ ಎತ್ತಿದ ಬ್ಯಾಟಿನ ದೊಡ್ಡ ಬೀಸು. ಕಾಲು ಹೆಚ್ಚು ಚಲಿಸದು, ತೋಳು ಬಿಚ್ಚಿಕೊಳ್ಳಲು ಚೆಂಡು ಸ್ವಲ್ಪವಾದರೂ ಪುಟಿಯಬೇಕು. ಬುಡಕ್ಕೆ, ದೂರಕ್ಕೆ ಬಿದ್ದ ಚೆಂಡಿಗೆ ಆ ಬೀಸು ತಲುಪುವುದಿಲ್ಲ. 77 ರನ್ ಹೊಡೆದು ಚೆನ್ನಾಗಿ ಆಡುತ್ತಿದ್ದ ಕೊಹ್ಲಿಗೂ ಕೊನೆಯಲ್ಲಿ ಎಸೆತ ಸಿಗಲಿಲ್ಲ. ಒಳ್ಳೆಯ ಬೌಲಿಂಗ್ ಯೋಜನೆ ಕೆಲಸ ಮಾಡಿತು ಎನ್ನುವುದು ನ್ಯಾಯವಾದ ವಿವರಣೆ. ಮನೆಗೆ ಕಲ್ಲೆಸೆಯುವಂಥದ್ದು ಏನೂ ಇರಲಿಲ್ಲ.

ಹುಬ್ಬಳ್ಳಿ_ಎಡಗೈ
ಅದರ ಮುಂದಿನ ತಿಂಗಳ ಆರ್‌ಸಿಬಿ ಅಂಗಿ ಹಾಕ್ಕೊಂಡು ಚಿನ್ನಸ್ವಾಮಿಯಾಗ ರಾಜಸ್ಥಾನದ ಮ್ಯಾಲ 38 ಬಾಲಿಗೆ 83 ಹೊಡದ್ರು, 35ಕ್ಕ 4 ವಿಕೆಟ್ಟೂ ತಗದ್ರು. ಮ್ಯಾಚ್ ಸೋತ್ವಿ, ಅದಕ್ಕ ಯಾರೂ ನೆನಸೂದಿಲ್ಲ.

ಗಾಂಧಿಬಜಾರ್_ನೆಟ್ಸ್
ಎಲ್ಲರಿಗೂ ಧನ್ಯವಾದ. ವಾರ್ಡ್_7 ಅವರೇ, ಇನ್ನೊಂದು. ಕ್ಲಬ್ ಮಟ್ಟದಲ್ಲಿ ಕೀಮೋ ಮುಗಿಸಿ ಬಂದ ಹುಡುಗನನ್ನು ನೆಟ್ಸ್‌ಗೆ ಮರಳಿ ಸೇರಿಸಿಕೊಳ್ಳುವಾಗ ಕೋಚ್ ಯಾವ ಕ್ರಮದಲ್ಲಿ ಹೋಗಬೇಕು?

ವಾರ್ಡ್_7
ಚಿಕಿತ್ಸೆ ಕೊಟ್ಟ ವೈದ್ಯರ ಬರಹದ ಒಪ್ಪಿಗೆ ಮೊದಲು. ಅದಿಲ್ಲದೆ ಮುಂದಿನದೆಲ್ಲ ಬೇಡ.

ರಕ್ತದ ಎಣಿಕೆ ನೋಡಿ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಗಟ್ಟಿ ಚೆಂಡಿನ ಹತ್ತಿರವೂ ಬಿಡಬೇಡಿ, ತೊಡೆಗೆ ಬಿದ್ದ ಒಂದು ಏಟೇ ದೊಡ್ಡ ರಕ್ತಸ್ರಾವವಾದೀತು. ಬಿಳಿ ರಕ್ತಕಣ ಕಡಿಮೆಯಿದ್ದರೆ ಡ್ರೆಸ್ಸಿಂಗ್ ರೂಮ್, ಹಂಚಿಕೊಳ್ಳುವ ನೀರಿನ ಬಾಟಲಿ, ಬೇರೆಯವರ ಗ್ಲೌಸ್ ಬೇಡ. ಬ್ಲಿಯೋಮೈಸಿನ್ ಪಡೆದಿದ್ದರೆ ಶ್ವಾಸಕೋಶದ ಡಿಎಲ್‌ಸಿಒ ಪರೀಕ್ಷೆ. ಬರೀ ಊದಿಸುವ ಸ್ಪೈರೋಮೆಟ್ರಿ ಸಾಲದು, ಅನಿಲ ರಕ್ತಕ್ಕೆ ದಾಟುವುದನ್ನು ಅದು ಅಳೆಯುವುದಿಲ್ಲ.

ಆಮೇಲೆ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್, ತೊಡೆ ಮತ್ತು ಸೊಂಟದ ಶಕ್ತಿ ವ್ಯಾಯಾಮ, ಓಟ, ಕೊನೆಗೆ ಚೆಂಡು. ಚೆಂಡಿನಲ್ಲೂ ಮೊದಲು ಟೆನಿಸ್ ಬಾಲ್ ಥ್ರೋಡೌನ್. ಬೆರಳ ಸ್ಪರ್ಶ ನೋಡಲು ಸುಲಭದ ದಾರಿ, ಕಣ್ಣು ಮುಚ್ಚಿಸಿ ಮೇಜಿನಿಂದ ನಾಣ್ಯ ಎತ್ತಲು, ಅಂಗಿಯ ಗುಂಡಿ ಹಾಕಲು ಹೇಳಿ. ತಡವರಿಸಿದರೆ ಸ್ಲಿಪ್ ಕ್ಯಾಚಿಂಗ್, ಶಾರ್ಟ್ ಲೆಗ್ ಬೇಡ. ಒಂದು ಹಂತದಲ್ಲಿ ಮರುದಿನ ಬೆಳಿಗ್ಗೆ ಎದ್ದಾಗಲೂ ದಣಿವು ಉಳಿದಿದ್ದರೆ ಹಿಂದಿನ ಹಂತಕ್ಕೆ ಹೋಗಿ. ಎಲ್ಲರೂ ಮಾಡುವ ತಪ್ಪು, ಹುಡುಗ ಉತ್ಸಾಹದಲ್ಲಿದ್ದ ಒಳ್ಳೆಯ ದಿನವೇ ಎರಡು ದಿನದ ಕೆಲಸ ಮಾಡಿಸುವುದು.

ಸ್ಪರ್ಧಾತ್ಮಕ ಮಟ್ಟದಲ್ಲಿ ಆಡುವವನಾದರೆ ಔಷಧಗಳ ಪಟ್ಟಿಯನ್ನು ಡೋಪಿಂಗ್ ನಿಯಮದ ಎದುರು ಇಟ್ಟು ನೋಡಿ. ರಕ್ತ ಏರಿಸುವ ಎರಿಥ್ರೊಪೊಯೆಟಿನ್, ಸಿಸ್‌ಪ್ಲಾಟಿನ್ ಜೊತೆ ಕೆಲವೆಡೆ ಕೊಡುವ ಮ್ಯಾನಿಟಾಲ್ ಎರಡೂ ನಿಷೇಧಿತ. ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕದೆ ಆಡಿಸಬೇಡಿ.

ಇದು ಜೀವಮಾನಕ್ಕೆ: ಬ್ಲಿಯೋಮೈಸಿನ್ ಪಡೆದಿದ್ದೇನೆ ಎಂಬ ಚೀಟಿ ಕಿಸೆಯಲ್ಲಿರಲಿ. ಮೊಣಕಾಲಿನ ಸಣ್ಣ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಅತಿಯಾದ ಆಮ್ಲಜನಕ ಆ ಶ್ವಾಸಕೋಶಕ್ಕೆ ಹಾನಿ ಮಾಡಬಹುದು.

ಸ್ಕೋರ್‌ಶೀಟ್
ಮೂರನೆಯ ತುಂಡಿಗೆ, ಅಂದರೆ 2017ರ 41ರ ಸರಾಸರಿಗೆ, ಯಾರೂ ಉತ್ತರ ಕೊಡಲಿಲ್ಲ.

ಮೂರನೇ_ಸ್ಲಿಪ್
ಕೊಡುತ್ತೇನೆ. 2016-17ರ ರಣಜಿಯಲ್ಲಿ ಪಂಜಾಬ್ ಪರ ಐದು ಪಂದ್ಯಕ್ಕೆ 672 ರನ್, ಬರೋಡಾ ಮೇಲೆ 260. ಚಿಕಿತ್ಸೆ ಮುಗಿದು ನಾಲ್ಕೂವರೆ ವರ್ಷ ಆಗಿತ್ತು, ದೀರ್ಘ ಇನಿಂಗ್ಸ್ ಆಡುವ ಉಸಿರು ಮರಳಿತ್ತು. 2017ರ ಜನವರಿ 19, ಕಟಕ್, ಭಾರತ 25 ರನ್‌ಗೆ 3 ವಿಕೆಟ್ ಕಳೆದುಕೊಂಡಿತ್ತು. ಅಲ್ಲಿಂದ ಧೋನಿ ಜೊತೆ 256 ರನ್, ಸ್ವಂತ 127 ಎಸೆತಕ್ಕೆ 150. 2011ರ ಚೆನ್ನೈ ನಂತರದ ಮೊದಲ ಏಕದಿನ ಶತಕ, ವೃತ್ತಿಜೀವನದ ಗರಿಷ್ಠ ಮೊತ್ತವೂ ಅದೇ. ಅದರಲ್ಲಿ 21 ಬೌಂಡರಿ, ಮೂರೇ ಸಿಕ್ಸರ್. ಅಂದರೆ ವೃತ್ತದ ಹೊರಗೆ ಒಬ್ಬ ಫೀಲ್ಡರ್ ಕಡಿಮೆ ಇರುವ ನಿಯಮವನ್ನು ಈ ಬಾರಿ ಬ್ಯಾಟರ್ ಆಗಿ ತನ್ನ ಕಡೆಗೆ ತಿರುಗಿಸಿಕೊಂಡಿದ್ದರು. ಚೆಂಡನ್ನು ಎತ್ತದೆ, ಸಂದಿಗಳಲ್ಲಿ ನುಗ್ಗಿಸಿ.

ಬೌಲಿಂಗ್ ಮಾತ್ರ ಮರಳಲಿಲ್ಲ. ಉಸಿರು ಮರಳಿದರೂ ಅದು ಮರಳಲಿಲ್ಲ ಎಂದರೆ, ಅದನ್ನು ಕೊಂಡೊಯ್ದದ್ದು ಕಾಯಿಲೆಗಿಂತ ಹೆಚ್ಚಾಗಿ ನಿಯಮ ಎಂದೇ ನಾನು ಹೇಳುವುದು.

ವಾರ್ಡ್_7
ಬೌಲಿಂಗ್ ವಿಷಯದಲ್ಲಿ ಒಪ್ಪಿದೆ. ನಡುವಿನ 19 ಪಂದ್ಯಗಳ ಬ್ಯಾಟಿಂಗ್ ಮಾತ್ರ ಕಾಯಿಲೆಯ ಖಾತೆಯಲ್ಲೇ ಇರಲಿ.

ಸ್ಕೋರ್‌ಶೀಟ್
ಹಾಗಿದ್ದರೆ ಅದನ್ನು ಹಾಗೇ ಬರೆದುಕೊಳ್ಳುತ್ತೇನೆ.